ಎಪ್ಪತ್ತೆರಡು ಗಂಟೆಗಳ ಔಷಧಿ, ಕೌಂಟರಿನಾಚೆಯ ಪ್ರಶ್ನೆಗಳು

ತುರ್ತು ಗರ್ಭನಿರೋಧಕ ಮಾತ್ರೆ ಕೊಳ್ಳಲು ನಮ್ಮ ದೇಶದಲ್ಲಿ ವೈದ್ಯರ ಚೀಟಿ ಬೇಕಿಲ್ಲ. ಲೆವೊನಾರ್ಜೆಸ್ಟ್ರೆಲ್ ಎಂಬ ಹಾರ್ಮೋನಿನ ಈ ಮಾತ್ರೆ 2002ರ ಸುಮಾರಿಗೆ ಸರ್ಕಾರದ ಕುಟುಂಬ ಕಲ್ಯಾಣ ಕಾರ್ಯಕ್ರಮಕ್ಕೆ ಸೇರಿತು. 2005ರಲ್ಲಿ ಚೀಟಿಯಿಲ್ಲದೆ ಮಾರಬಹುದಾದ ಔಷಧಿಗಳ ಸಾಲಿಗೆ ಬಂತು. 2007ರಲ್ಲಿ ಸಿಪ್ಲಾ ಕಂಪನಿ ಐ-ಪಿಲ್ ಹೆಸರಿನಲ್ಲಿ ಅದನ್ನು ಮಾರುಕಟ್ಟೆಗೆ ತಂದು ಟಿವಿಯಲ್ಲಿ ಜಾಹೀರಾತು ಕೊಟ್ಟ ಮೇಲೆ ಅದರ ಹೆಸರು ಮನೆಮನೆಗೂ ಗೊತ್ತಾಯಿತು. ಅನ್‌ವಾಂಟೆಡ್-72 ಮುಂತಾದವೂ ಇದೇ ಔಷಧಿಯ ಬೇರೆ ಹೆಸರುಗಳು. ಮೊದಲು 0.75 ಮಿಲಿಗ್ರಾಂನ ಎರಡು ಮಾತ್ರೆಗಳಿದ್ದವು, ಈಗ 1.5 ಮಿಲಿಗ್ರಾಂನ ಒಂದೇ ಮಾತ್ರೆ. ನಿಯಮ ಬಿಗಿಯಾಗಲಿದೆ ಎಂಬ ಸುದ್ದಿ 2024ರಲ್ಲಿ ಹರಡಿದಾಗಲೂ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಯಾವ ಬದಲಾವಣೆಯೂ ಇಲ್ಲವೆಂದು ಸ್ಪಷ್ಟಪಡಿಸಿತು. ಕಾಗದದ ಮೇಲೆ ನೋಡಿದರೆ ಎರಡು ದಶಕಗಳಿಂದ ಬಾಗಿಲು ತೆರೆದೇ ಇದೆ.

ಆದರೆ ಆ ಬಾಗಿಲಲ್ಲಿ ಯಾರೋ ಒಬ್ಬರು ನಿಂತಿರುತ್ತಾರೆ. ಪಟ್ಟಣದಲ್ಲಾದರೆ ಮೆಡಿಕಲ್ ಶಾಪಿನ ಕೌಂಟರಿನಾಚೆಯ ವ್ಯಕ್ತಿ, ಹಳ್ಳಿಯಲ್ಲಾದರೆ ಆಶಾ ಕಾರ್ಯಕರ್ತೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್, ನರ್ಸಿಂಗ್ ಹೋಮಿನಲ್ಲಾದರೆ ಸ್ತ್ರೀರೋಗ ತಜ್ಞೆ. ಈ ಮಾತ್ರೆಯ ಬಗ್ಗೆಯೂ, ಅದನ್ನು ಕೇಳಿಕೊಂಡು ಬಂದವಳ ಬಗ್ಗೆಯೂ ಅವರಿಗಿರುವ ಅಭಿಪ್ರಾಯವೇ ಎಷ್ಟೋ ಸಲ ಕಾನೂನಿಗಿಂತ ಹೆಚ್ಚು ನಡೆಯುತ್ತದೆ. ಬೇರೆ ಔಷಧಿಗಳ ವಿಷಯದಲ್ಲಿ ಇಂಥ ಅಭಿಪ್ರಾಯದಿಂದ ರೋಗಿಗೆ ಬೇಸರವಾಗಬಹುದು, ಅಷ್ಟೇ. ಇಲ್ಲಿ ಹಾಗಲ್ಲ. ಈ ಔಷಧಿಯ ಶಕ್ತಿ ಗಂಟೆಗಂಟೆಗೂ ಕುಗ್ಗುವಂಥದ್ದು. ಆದ್ದರಿಂದ ‘ನಾಳೆ ಬನ್ನಿ’, ‘ಗಂಡನನ್ನು ಕರೆದುಕೊಂಡು ಬನ್ನಿ’, ‘ದೊಡ್ಡವರಿಲ್ಲವೇ?’ ಎಂಬ ಮಾತುಗಳು ಅವಳನ್ನು ನೋಯಿಸುವುದಷ್ಟೇ ಅಲ್ಲ, ಔಷಧಿಯ ಪರಿಣಾಮವನ್ನೂ ಕಡಿಮೆ ಮಾಡುತ್ತವೆ. ಸೇವೆ ಕೊಡುವವರ ಮನೋಭಾವವನ್ನು ಬರೀ ಸೌಜನ್ಯದ ಪ್ರಶ್ನೆಯಾಗಿ ನೋಡದೆ ಚಿಕಿತ್ಸೆಯ ಗುಣಮಟ್ಟದ ಪ್ರಶ್ನೆಯಾಗಿ ನೋಡಬೇಕು ಎಂದು ನಾನು ಹೇಳುವುದು ಈ ಕಾರಣಕ್ಕೆ.

ಮಾತ್ರೆ ದೇಹದಲ್ಲಿ ಏನು ಮಾಡುತ್ತದೆ ಎಂಬುದು ಅರ್ಥವಾದರೆ ಉಳಿದದ್ದು ಸುಲಭ. ಮುಟ್ಟಿನ ಚಕ್ರದ ನಡುವೆ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಎಲ್‌ಎಚ್ ಎಂಬ ಹಾರ್ಮೋನು ಒಮ್ಮೆಲೇ ಉಕ್ಕುತ್ತದೆ, ಅದಾದ ಒಂದೆರಡು ದಿನದೊಳಗೆ ಅಂಡಾಶಯದಿಂದ ಅಂಡಾಣು ಹೊರಬೀಳುತ್ತದೆ. ಲೆವೊನಾರ್ಜೆಸ್ಟ್ರೆಲ್ ಆ ಉಕ್ಕುವಿಕೆಯನ್ನೇ ತಡೆಯುತ್ತದೆ ಅಥವಾ ಮುಂದಕ್ಕೆ ಹಾಕುತ್ತದೆ. ವೀರ್ಯಾಣುಗಳು ಹೆಣ್ಣಿನ ದೇಹದಲ್ಲಿ ಐದು ದಿನದವರೆಗೂ ಜೀವಂತವಾಗಿರಬಲ್ಲವು. ಅಷ್ಟು ಹೊತ್ತು ಅಂಡಾಣು ಬಿಡುಗಡೆಯಾಗದಂತೆ ನೋಡಿಕೊಂಡರೆ ಎರಡೂ ಒಂದನ್ನೊಂದು ಸೇರುವುದಿಲ್ಲ. ಎಲ್‌ಎಚ್ ಏರತೊಡಗಿದ ಮೇಲೆ ನುಂಗಿದ ಮಾತ್ರೆಯಿಂದ ಹೆಚ್ಚಿನ ಪ್ರಯೋಜನವಿಲ್ಲ. ತಡಮಾಡಬಾರದು ಎನ್ನುವುದು ಇದಕ್ಕೇ. ವಿಶ್ವ ಆರೋಗ್ಯ ಸಂಸ್ಥೆಯ ದೊಡ್ಡ ಪ್ರಯೋಗವೊಂದರ ಫಲಿತಾಂಶ 1998ರಲ್ಲಿ ಪ್ರಕಟವಾಯಿತು. ಮೊದಲ 24 ಗಂಟೆಯೊಳಗೆ ತೆಗೆದುಕೊಂಡಾಗ ಆಗಬಹುದಾಗಿದ್ದ ಗರ್ಭಧಾರಣೆಗಳಲ್ಲಿ ಶೇ 95ರಷ್ಟು ತಪ್ಪಿದ್ದವು, ಎರಡನೆಯ ದಿನ ಶೇ 85, ಮೂರನೆಯ ದಿನ ಶೇ 58. ನಂತರದ ಅಧ್ಯಯನಗಳಲ್ಲಿ ಈ ಅಂಕಿಗಳು ಸ್ವಲ್ಪ ಆಚೀಚೆ ಆಗಿವೆಯಾದರೂ, ಬೇಗ ತೆಗೆದುಕೊಂಡಷ್ಟೂ ಒಳ್ಳೆಯದು ಎಂಬ ಸಲಹೆ ಬದಲಾಗಿಲ್ಲ. 72 ಗಂಟೆಯ ನಂತರವೂ, ಐದನೆಯ ದಿನದವರೆಗೆ, ಅಲ್ಪಸ್ವಲ್ಪ ಉಪಯೋಗವಿರುತ್ತದೆ.

ಗರ್ಭ ಆಗಲೇ ನಿಂತಿದ್ದರೆ ಈ ಮಾತ್ರೆ ಅದನ್ನು ಏನೂ ಮಾಡಲಾರದು, ಬೆಳೆಯುತ್ತಿರುವ ಭ್ರೂಣಕ್ಕೆ ಅದರಿಂದ ಹಾನಿಯಾಗುತ್ತದೆ ಎಂಬುದಕ್ಕೂ ಪುರಾವೆಯಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2022ರ ಡಿಸೆಂಬರ್‌ನಲ್ಲಿ ಮಾತ್ರೆಯ ಲೇಬಲ್ಲನ್ನೇ ತಿದ್ದಿಸಿ, ಅದು ಗರ್ಭಕೋಶದಲ್ಲಿ ಭ್ರೂಣ ನೆಲೆಯೂರುವುದನ್ನು ತಡೆಯುತ್ತದೆ ಎಂಬ ಹಳೆಯ ಊಹೆಯನ್ನು ತೆಗೆದುಹಾಕಿತು. ಗರ್ಭಪಾತಕ್ಕೆ ಬಳಸುವುದು ಮಿಫೆಪ್ರಿಸ್ಟೋನ್ ಮತ್ತು ಮಿಸೊಪ್ರೊಸ್ಟಾಲ್ ಎಂಬ ಬೇರೆಯೇ ಔಷಧಿಗಳನ್ನು. ಅವುಗಳಿಗೆ ವೈದ್ಯರ ಚೀಟಿ ಬೇಕು, ಅವುಗಳಿಗೆ ಅನ್ವಯಿಸುವ ಕಾನೂನೂ ಬೇರೆ. ಆದರೂ ಮೆಡಿಕಲ್ ಶಾಪ್‌ಗಳಲ್ಲಿ, ಆರೋಗ್ಯ ಸಿಬ್ಬಂದಿಯಲ್ಲಿ, ಕೆಲವೊಮ್ಮೆ ವೈದ್ಯರಲ್ಲೂ ಈ ಎರಡರ ನಡುವಿನ ಗೆರೆ ಅಳಿಸಿಹೋಗಿದೆ. ಪಾಪ್ಯುಲೇಷನ್ ಕೌನ್ಸಿಲ್‌ನಂಥ ಸಂಸ್ಥೆಗಳು ನಮ್ಮ ದೇಶದಲ್ಲಿ ನಡೆಸಿದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡ ಸಂಗತಿಯಿದು: ಮಾತ್ರೆಯ ಹೆಸರು ಕೇಳಿದವರು ಬಹಳ ಮಂದಿ, ಆದರೆ ಅದು ಗರ್ಭಪಾತದ ಮಾತ್ರೆಯೆಂದೋ, ಬಂಜೆತನ ತರುತ್ತದೆಂದೋ, ಹುಡುಗಿಯರ ನಡತೆ ಕೆಡಿಸುತ್ತದೆಂದೋ ನಂಬಿದವರು ಸೇವೆ ಕೊಡುವವರಲ್ಲೇ ಗಣನೀಯವಾಗಿದ್ದಾರೆ.

ಈ ಗೊಂದಲಕ್ಕೆ ಒಂದು ಹಿನ್ನೆಲೆಯಿದೆ. ಹೆಣ್ಣು ಭ್ರೂಣಹತ್ಯೆಯ ವಿರುದ್ಧ ಕಾರ್ಯಾಚರಣೆ ಬಿಗಿಯಾದಂತೆ ಹಲವು ರಾಜ್ಯಗಳಲ್ಲಿ ಔಷಧ ತನಿಖಾಧಿಕಾರಿಗಳ ಕಣ್ಣು ಗರ್ಭಪಾತದ ಮಾತ್ರೆಗಳ ಮೇಲೆ ಬಿತ್ತು. ಲೆಕ್ಕ ಕೊಡುವ ತೊಂದರೆಯೇ ಬೇಡವೆಂದು ಅಂಗಡಿಯವರು ಅವನ್ನು ತರಿಸುವುದನ್ನೇ ನಿಲ್ಲಿಸಿದರು. ಗರ್ಭಕ್ಕೆ ಸಂಬಂಧಿಸಿದ ಯಾವ ಮಾತ್ರೆಯಾದರೂ ತಲೆನೋವೇ ಎಂಬ ಭಾವನೆ ಅಲ್ಲಿಂದ ತುರ್ತು ಮಾತ್ರೆಗೂ ಅಂಟಿಕೊಂಡಿತು. ಅದಕ್ಕೆ ಎಲ್ಲಕ್ಕಿಂತ ಸ್ಪಷ್ಟ ಉದಾಹರಣೆ ನಮ್ಮ ನೆರೆಯ ತಮಿಳುನಾಡು. ಅಲ್ಲಿ ಈ ಮಾತ್ರೆಯನ್ನು ನಿಷೇಧಿಸಿದ ಯಾವ ಆದೇಶವೂ ಇಲ್ಲ, ಅಧಿಕಾರಿಗಳೂ ನಿಷೇಧವಿಲ್ಲವೆಂದೇ ಹೇಳುತ್ತಾರೆ. ಆದರೂ ವರ್ಷಗಟ್ಟಲೆ ಅಲ್ಲಿನ ಬಹುಪಾಲು ಔಷಧಿ ಅಂಗಡಿಗಳಲ್ಲಿ ಅದು ಸಿಗದ ಸ್ಥಿತಿಯನ್ನು ಪತ್ರಿಕೆಗಳು ಪದೇ ಪದೇ ವರದಿ ಮಾಡಿವೆ. ಅತ್ತಿಬೆಲೆ ಗಡಿ ದಾಟಿ ಹೊಸೂರಿಗೆ ಹೋಗಲು ಕೆಲವೇ ನಿಮಿಷ ಸಾಕು. ಇತ್ತ ಚೀಟಿಯಿಲ್ಲದೆ ಸಿಗುವ ಮಾತ್ರೆ, ಅದೇ ಕೇಂದ್ರ ಕಾನೂನು ನಡೆಯುವ ಅತ್ತಣ ಅಂಗಡಿಯಲ್ಲಿ ‘ಬರೋದಿಲ್ಲ’. ಬರಹದಲ್ಲಿರುವ ನಿಷೇಧವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು. ಯಾರೂ ಬರೆಯದ, ಎಲ್ಲರೂ ಪಾಲಿಸುವ ನಿಷೇಧವನ್ನು ಎಲ್ಲಿಗೆ ಒಯ್ದು ಪ್ರಶ್ನಿಸುವುದು?

ಕರ್ನಾಟಕದ ಸ್ಥಿತಿ ಅಷ್ಟು ಕೆಟ್ಟಿಲ್ಲ. ಇಲ್ಲಿ ಮಾತ್ರೆ ಸಿಗುತ್ತದೆ. ಆದರೆ ಅದನ್ನು ಕೇಳುವ ಸನ್ನಿವೇಶವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದೆದುರಿನ ಮೆಡಿಕಲ್ ಶಾಪಿನಲ್ಲಿ ಸಂಜೆ ಹೊತ್ತು ನಾಲ್ಕೈದು ಗಿರಾಕಿಗಳು ಒತ್ತೊತ್ತಾಗಿ ನಿಂತಿರುತ್ತಾರೆ, ಅದರಲ್ಲಿ ಒಬ್ಬಿಬ್ಬರಾದರೂ ಪರಿಚಯದವರು. ಬಂದವಳು ಮೊದಲು ಕ್ರೋಸಿನ್ ಕೇಳುತ್ತಾಳೆ, ಜನ ಕರಗುವವರೆಗೆ ಕಾಯುತ್ತಾಳೆ, ಆಮೇಲೆ ಮೆಲ್ಲಗೆ ಹೆಸರು ಹೇಳುತ್ತಾಳೆ ಅಥವಾ ಮೊಬೈಲಿನಲ್ಲಿ ಪಟ ತೋರಿಸುತ್ತಾಳೆ. ಅಂಗಡಿಯ ಹುಡುಗ ಒಳಗೆ ಕೂತ ಮಾಲೀಕರನ್ನು ಕೂಗಿ ಕೇಳುತ್ತಾನೆ. ‘ಯಾರಿಗೆ?’ ಎನ್ನುತ್ತಾರೆ ಅವರು. ‘ಮದುವೆ ಆಗಿದೆಯಾ?’ ಎಂದು ಬಾಯಿಬಿಟ್ಟು ಕೇಳದಿದ್ದರೂ ಕಣ್ಣು ಕೊರಳಿನ ಕಡೆಗೋ ಕಾಲ್ಬೆರಳಿನ ಕಡೆಗೋ ಹೋಗುತ್ತದೆ. ಕೊನೆಗೆ ಮಾತ್ರೆಯನ್ನು ಕಾಗದದಲ್ಲಿ ಸುತ್ತಿ, ಕಪ್ಪು ಕವರಿಗೆ ಹಾಕಿ, ಒಂದು ಮಾತೂ ಹೇಳದೆ ಕೊಡಲಾಗುತ್ತದೆ. ಇಷ್ಟರಲ್ಲಿ ಅವಳಿಗೆ ತಿಳಿಯಬೇಕಾಗಿದ್ದ ಒಂದು ಸಂಗತಿಯೂ ತಿಳಿದಿರುವುದಿಲ್ಲ.

ನಿಜವಾಗಿ ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. ಎಷ್ಟು ಹೊತ್ತಾಯಿತು? ಕಳೆದ ಸಲ ಮುಟ್ಟಾದದ್ದು ಯಾವಾಗ, ಈಗಾಗಲೇ ಗರ್ಭ ನಿಂತಿರುವ ಅನುಮಾನವಿದೆಯೇ? ಬೇರೆ ಯಾವ ಔಷಧಿ ನಡೆಯುತ್ತಿದೆ? ಈ ಮೂರನೆಯದು ನಮ್ಮ ದೇಶದಲ್ಲಿ ಬಹಳ ಮುಖ್ಯ. ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್, ಫಿಟ್ಸ್ ಕಾಯಿಲೆಗೆ ಕೊಡುವ ಫೆನಿಟಾಯಿನ್ ಮತ್ತು ಕಾರ್ಬಮಜೆಪಿನ್, ಎಚ್‌ಐವಿ ಚಿಕಿತ್ಸೆಯಲ್ಲಿ ಬಳಸುವ ಎಫವಿರೆಂಜ್ ಇವೆಲ್ಲ ಪಿತ್ತಜನಕಾಂಗದ ಕೆಲಸವನ್ನು ಚುರುಕುಗೊಳಿಸಿ ಲೆವೊನಾರ್ಜೆಸ್ಟ್ರೆಲ್ ಬೇಗ ಕರಗಿಹೋಗುವಂತೆ ಮಾಡುತ್ತವೆ. ಅಂಥವರಿಗೆ ಪ್ರಮಾಣವನ್ನು ಎರಡು ಪಟ್ಟು ಮಾಡಬೇಕು, ಇಲ್ಲವೇ ವಂಕಿ (ಗರ್ಭಕೋಶದೊಳಗೆ ಇಡುವ ಕಾಪರ್-ಟಿ) ಹಾಕಿಸುವುದು ಮೇಲು ಎಂದು ಬ್ರಿಟನ್ನಿನ ಮಾರ್ಗಸೂಚಿ ಹೇಳುತ್ತದೆ. ಭಾರತ ಜಗತ್ತಿನಲ್ಲೇ ಅತಿ ಹೆಚ್ಚು ಕ್ಷಯರೋಗಿಗಳಿರುವ ದೇಶ, ಅವರಲ್ಲಿ ಹೆರುವ ವಯಸ್ಸಿನ ಹೆಂಗಸರೂ ಬಹಳ. ಮಾಂಗಲ್ಯ ಹುಡುಕುವ ಕಣ್ಣಿಗೆ ಈ ಪ್ರಶ್ನೆ ಹೊಳೆಯುವುದೇ ಇಲ್ಲ. ಹಾಗೆಯೇ ತೂಕ ತುಂಬಾ ಹೆಚ್ಚಿರುವವರಲ್ಲಿ ಈ ಮಾತ್ರೆ ಅಷ್ಟಾಗಿ ಕೆಲಸ ಮಾಡದಿರಬಹುದು. ನುಂಗಿದ ಎರಡು ಗಂಟೆಯೊಳಗೆ ವಾಂತಿಯಾದರೆ ಮತ್ತೊಂದು ಮಾತ್ರೆ ತೆಗೆದುಕೊಳ್ಳಬೇಕಾಗುತ್ತದೆ. ಮುಂದಿನ ಮುಟ್ಟು ಕೆಲವು ದಿನ ಹಿಂದುಮುಂದಾಗಬಹುದು. ಒಂದು ವಾರಕ್ಕಿಂತ ತಡವಾದರೆ ಗರ್ಭ ಪರೀಕ್ಷೆ ಮಾಡಿಕೊಳ್ಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಈ ಮಾತ್ರೆ ಅಂಡಾಣುವಿನ ಬಿಡುಗಡೆಯನ್ನು ಮುಂದೂಡುತ್ತದೆಯೇ ಹೊರತು ಆ ತಿಂಗಳಿಡೀ ರಕ್ಷಣೆ ಕೊಡುವುದಿಲ್ಲ. ಮಾತ್ರೆ ನುಂಗಿ ನಾಲ್ಕು ದಿನವಾದ ಮೇಲೆ ಮತ್ತೆ ಅಸುರಕ್ಷಿತವಾಗಿ ಕೂಡಿದರೆ ಗರ್ಭ ನಿಲ್ಲುವ ಸಾಧ್ಯತೆ ಚೆನ್ನಾಗಿಯೇ ಇದೆ. ಇಷ್ಟನ್ನೂ ಹೇಳಲು ಎರಡು ನಿಮಿಷ ಸಾಕು. ಮಾತ್ರೆ ನುಂಗಿಯೂ ಗರ್ಭ ನಿಂತಿತೆಂದು ದೂರುವವರಲ್ಲಿ ಕೆಲವರಿಗಾದರೂ ಈ ಎರಡು ನಿಮಿಷದ ಮಾತು ಸಿಕ್ಕಿದ್ದರೆ ಕಥೆ ಬೇರೆಯಾಗುತ್ತಿತ್ತು.

ನಗರದ ತರುಣಿಯರು ಈ ಮುಜುಗರವನ್ನು ಆ್ಯಪ್‌ಗಳ ಮೂಲಕ ದಾಟುತ್ತಿದ್ದಾರೆ. ಬೆಂಗಳೂರಿನಲ್ಲಿ ಮೊಬೈಲಿನಲ್ಲೇ ಆರ್ಡರ್ ಮಾಡಿ ಮನೆಬಾಗಿಲಿಗೆ ಮಾತ್ರೆ ತರಿಸಿಕೊಳ್ಳಬಹುದು. ಸಮಯ ಉಳಿಯುತ್ತದೆ, ಅವಮಾನ ತಪ್ಪುತ್ತದೆ, ಅದು ಒಳ್ಳೆಯದೇ. ಆದರೆ ಕೌಂಟರಿನ ಮೌನವೇ ಅಲ್ಲಿಯೂ ಮುಂದುವರಿಯುತ್ತದೆ: ಕ್ಷಯದ ಮಾತ್ರೆ ನುಂಗುತ್ತಿದ್ದೀರಾ ಎಂದು ಆ್ಯಪ್ ಕೇಳುವುದಿಲ್ಲ.

ವೈದ್ಯರ ಹಿಂಜರಿಕೆ ಇನ್ನೊಂದು ಬಗೆಯದು, ಅದನ್ನು ಪೂರ್ವಗ್ರಹವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಐ-ಪಿಲ್ ಜಾಹೀರಾತುಗಳು ಬಂದ ಕಾಲದಲ್ಲಿ ಹಲವು ಸ್ತ್ರೀರೋಗ ತಜ್ಞರು ಆಕ್ಷೇಪ ಎತ್ತಿದ್ದು ತಿಂಗಳಿಗೆ ಎರಡು ಮೂರು ಸಲ ಈ ಮಾತ್ರೆ ನುಂಗಿ, ಮುಟ್ಟು ಏರುಪೇರಾಗಿ ಬರುವವರನ್ನು ತಮ್ಮ ಕ್ಲಿನಿಕ್ಕಿನಲ್ಲಿ ಕಂಡಿದ್ದರಿಂದ. ತುರ್ತಿಗೆಂದು ಇರುವುದನ್ನು ದಿನಬಳಕೆಯ ಗರ್ಭನಿರೋಧಕದಂತೆ ಮಾರಲಾಗುತ್ತಿದೆ ಎಂಬ ಅವರ ಕಳವಳದಲ್ಲಿ ಹುರುಳಿತ್ತು. ಸಾಮಾನ್ಯ ಗರ್ಭನಿರೋಧಕ ಮಾತ್ರೆಯನ್ನು ಸರಿಯಾಗಿ ತೆಗೆದುಕೊಂಡರೆ ಸಿಗುವಷ್ಟು ರಕ್ಷಣೆ ತುರ್ತು ಮಾತ್ರೆಯಿಂದ ಸಿಗುವುದಿಲ್ಲ. ಪ್ರತಿ ಸಲವೂ ವಿಫಲವಾಗುವ ಸಣ್ಣ ಸಾಧ್ಯತೆಯಿದ್ದು, ಮತ್ತೆ ಮತ್ತೆ ಬಳಸಿದಂತೆ ಅದು ಕೂಡುತ್ತ ಹೋಗುತ್ತದೆ. ಲೈಂಗಿಕ ಸೋಂಕುಗಳಿಂದ ಅದು ಕಾಪಾಡುವುದೂ ಇಲ್ಲ.

ಆದರೆ ಈ ಕಳವಳದಿಂದ ಮಾತ್ರೆ ನಿರಾಕರಿಸುವ ತೀರ್ಮಾನಕ್ಕೆ ಬರುವುದು ಸರಿಯಲ್ಲ. ಪದೇ ಪದೇ ಬಳಸಿದರೂ ಆರೋಗ್ಯಕ್ಕೆ ಗಂಭೀರ ಅಪಾಯವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗರ್ಭಕೋಶ ಹಾಳಾಗುತ್ತದೆ, ಮುಂದೆ ಮಕ್ಕಳಾಗುವುದಿಲ್ಲ ಎಂಬ ಹೆದರಿಕೆಗೆ ಆಧಾರವಿಲ್ಲ. ತಿಂಗಳಲ್ಲಿ ಎರಡನೆಯ ಸಲ ಮಾತ್ರೆ ಕೇಳಿಕೊಂಡು ಬಂದವಳು ತನಗೊಂದು ನಿಯಮಿತ ವಿಧಾನ ಬೇಕಾಗಿದೆ ಎಂಬುದನ್ನು ತಾನಾಗಿ ಹೇಳುತ್ತಿದ್ದಾಳೆ. ಅಂದಿನ ಮಾತ್ರೆ ಕೊಟ್ಟು, ಅವತ್ತೇ ಅಥವಾ ಮರುದಿನವೇ ಸಾಮಾನ್ಯ ಗರ್ಭನಿರೋಧಕ ಮಾತ್ರೆ ಶುರುಮಾಡಿಸಬಹುದು, ಗರ್ಭನಿರೋಧಕ ಚುಚ್ಚುಮದ್ದಿನ ಬಗ್ಗೆ ಹೇಳಬಹುದು. ಬೈದು ಕಳಿಸಿದರೆ ಅವಳು ಮುಂದಿನ ಸಲ ಆ ಕ್ಲಿನಿಕ್ಕಿನ ಮೆಟ್ಟಿಲು ಹತ್ತುವುದಿಲ್ಲ, ನಿಯಮಿತ ವಿಧಾನದ ಮಾತೂ ಅಲ್ಲಿಗೆ ಮುಗಿಯಿತು.

ಸುಲಭವಾಗಿ ಸಿಕ್ಕರೆ ಹುಡುಗಿಯರು ಹಾದಿ ತಪ್ಪುತ್ತಾರೆ ಎಂಬ ವಾದಕ್ಕೂ ಉತ್ತರವಿದೆ. ಮಾತ್ರೆಯನ್ನು ಮುಂಚಿತವಾಗಿಯೇ ಕೊಟ್ಟರೆ, ಔಷಧಿ ಅಂಗಡಿಯಲ್ಲಿ ನೇರವಾಗಿ ಸಿಗುವಂತೆ ಮಾಡಿದರೆ ಏನಾಗುತ್ತದೆ ಎಂದು ಅಮೆರಿಕದಲ್ಲಿಯೂ ಬೇರೆಡೆಯೂ ಪ್ರಯೋಗಗಳು ನಡೆದಿವೆ. ಅಸುರಕ್ಷಿತ ಸಂಬಂಧಗಳು ಹೆಚ್ಚಲಿಲ್ಲ, ಲೈಂಗಿಕ ಸೋಂಕುಗಳು ಹೆಚ್ಚಲಿಲ್ಲ, ನಿಯಮಿತ ವಿಧಾನಗಳನ್ನು ಜನ ಬಿಡಲೂ ಇಲ್ಲ. ಇದೇ ಪ್ರಯೋಗಗಳ ಇನ್ನೊಂದು ಫಲಿತಾಂಶವನ್ನು ಮಾತ್ರೆಯ ಪರವಾಗಿರುವವರು ಮುಚ್ಚಿಡಬಾರದು: ಮಾತ್ರೆ ಸುಲಭವಾಗಿ ಸಿಕ್ಕಿತೆಂದ ಮಾತ್ರಕ್ಕೆ ಇಡೀ ಸಮುದಾಯದಲ್ಲಿ ಬೇಡದ ಗರ್ಭಗಳ ಸಂಖ್ಯೆ ಎದ್ದುಕಾಣುವಂತೆ ಇಳಿಯಲಿಲ್ಲ. ಅಗತ್ಯವಿದ್ದ ಎಷ್ಟೋ ಸಲ ಜನ ಅದನ್ನು ಬಳಸಲೇ ಇಲ್ಲ, ಬಳಸಿದ ಚಕ್ರದಲ್ಲೇ ಮತ್ತೆ ಅಸುರಕ್ಷಿತವಾಗಿ ಕೂಡಿದವರೂ ಇದ್ದರು. ಹಾಗಾಗಿ ಈ ಮಾತ್ರೆಯನ್ನು ಜನಸಂಖ್ಯೆಯ ಲೆಕ್ಕಕ್ಕೆ ಹಿಡಿದು ಸಮರ್ಥಿಸುವುದನ್ನು ನಾನು ಒಪ್ಪಲಾರೆ. ಕಾಂಡೋಮ್ ಹರಿದ ರಾತ್ರಿ, ಗುಳಿಗೆ ಮರೆತ ವಾರ, ಒತ್ತಾಯಕ್ಕೆ ಒಳಗಾದ ಗಳಿಗೆಯಲ್ಲಿ ಒಬ್ಬ ಹೆಂಗಸಿಗೆ ಉಳಿದಿರುವ ಅವಕಾಶ ಅದು. ಅದನ್ನು ಸಮರ್ಥಿಸಲು ಅಷ್ಟು ಸಾಕು.

ಹದಿಹರೆಯದವರ ವಿಷಯಕ್ಕೆ ಬಂದಾಗ ಸೇವೆ ಕೊಡುವವರ ಭಯಕ್ಕೆ ಕಾನೂನಿನ ಕಾರಣವೂ ಇದೆ. ಪೋಕ್ಸೊ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಅದೇ ಅಪರಾಧ. ಆ ವಯಸ್ಸಿನವರ ಒಪ್ಪಿಗೆಗೆ ಕಾಯ್ದೆಯಲ್ಲಿ ಬೆಲೆಯಿಲ್ಲ. ಹದಿನೇಳರ ಹುಡುಗಿ ಮಾತ್ರೆ ಕೇಳಿದರೆ ಕೊಟ್ಟವರು ಕೇಸಿನಲ್ಲಿ ಸಿಕ್ಕಿಕೊಳ್ಳುತ್ತೇವೆಯೇ ಎಂದು ಹೆದರುತ್ತಾರೆ, ಕೊಡದೆ ಕಳಿಸುವುದೇ ಕ್ಷೇಮವೆಂದುಕೊಳ್ಳುತ್ತಾರೆ. 2022ರ ಕೊನೆಯಲ್ಲಿ ಬೆಂಗಳೂರಿನ ಕೆಲವು ಶಾಲೆಗಳಲ್ಲಿ ಮಕ್ಕಳ ಬ್ಯಾಗ್ ತಪಾಸಣೆ ಮಾಡಿದಾಗ ಕಾಂಡೋಮ್, ಗರ್ಭನಿರೋಧಕ ಮಾತ್ರೆಗಳು ಸಿಕ್ಕಿದವೆಂಬ ಸುದ್ದಿ ದೊಡ್ಡ ಗದ್ದಲ ಎಬ್ಬಿಸಿತು. ಅದರ ಬೆನ್ನಿಗೇ, ಹದಿನೆಂಟರೊಳಗಿನವರಿಗೆ ಗರ್ಭನಿರೋಧಕಗಳನ್ನು ಮಾರುವುದನ್ನು ರಾಜ್ಯದಲ್ಲಿ ನಿಷೇಧಿಸಲಾಗಿದೆ ಎಂಬ ವರದಿಗಳು 2023ರ ಜನವರಿಯಲ್ಲಿ ಬಂದವು. ನಿಷೇಧ ಹೇರಿಲ್ಲ, ಆಪ್ತ ಸಲಹೆ ಕೊಡುವಂತೆ ಔಷಧಿ ಅಂಗಡಿಯವರಿಗೆ ಹೇಳಲಾಗಿದೆ ಎಂದು ಔಷಧ ನಿಯಂತ್ರಣ ಇಲಾಖೆ ಸ್ಪಷ್ಟನೆ ನೀಡಿತು. ನಿಷೇಧದ ಸುದ್ದಿ ಮುಖಪುಟದಲ್ಲಿ ಓಡಿದಷ್ಟು ದೂರ ಸ್ಪಷ್ಟನೆ ಓಡುವುದಿಲ್ಲ. ಅಂದು ಗಾಬರಿಯಾದ ಅಂಗಡಿಯವರಲ್ಲಿ ಎಷ್ಟೋ ಮಂದಿಯ ಮನಸ್ಸಿನಲ್ಲಿ ನಿಷೇಧವೇ ಉಳಿದುಕೊಂಡಿದ್ದರೆ ಅವರನ್ನು ದೂರಿ ಫಲವಿಲ್ಲ.

ಈ ಹುಡುಗಿಯರನ್ನು ನಗರದ ಶಾಲೆಗಳಲ್ಲಿ ಮಾತ್ರ ಹುಡುಕುವುದು ತಪ್ಪು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 20ರಿಂದ 24 ವರ್ಷದ ಹೆಂಗಸರ ಪೈಕಿ ಶೇ 21ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಕೊರಳಲ್ಲಿ ತಾಳಿಯಿರುವ ಹದಿನೇಳರ ಹುಡುಗಿಗೆ ಮಗು ಈಗಲೇ ಬೇಡವಾಗಿದ್ದರೆ, ಆರೋಗ್ಯ ಕೇಂದ್ರಕ್ಕೆ ಹೋಗಿ ವಯಸ್ಸು ಹೇಳಿದ ಕೂಡಲೇ ಬಾಲ್ಯವಿವಾಹದ ಕೇಸು, ಪೋಕ್ಸೊ ಕೇಸು ಎರಡರ ಭಯವೂ ಎದುರು ನಿಲ್ಲುತ್ತದೆ. ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ಕೊಟ್ಟ ಗರ್ಭಪಾತದ ಹಕ್ಕಿನ ತೀರ್ಪಿನಲ್ಲಿ ಈ ಬಿಕ್ಕಟ್ಟನ್ನು ಗುರುತಿಸಿ, ಒಪ್ಪಿತ ಸಂಬಂಧದಿಂದ ಗರ್ಭಿಣಿಯಾದ ಅಪ್ರಾಪ್ತೆ ಗರ್ಭಪಾತಕ್ಕೆ ಬಂದಾಗ, ಆಕೆ ಮತ್ತು ಪೋಷಕರು ಕೋರಿದರೆ, ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಆಕೆಯ ಗುರುತನ್ನು ವೈದ್ಯರು ಹೇಳಬೇಕಿಲ್ಲ ಎಂದಿತು. ಕಾನೂನಿನಲ್ಲಿಲ್ಲದ ಷರತ್ತುಗಳನ್ನು, ಮನೆಯವರ ಒಪ್ಪಿಗೆ, ಬೇಡದ ದಾಖಲೆ ಇತ್ಯಾದಿಗಳನ್ನು, ವೈದ್ಯರು ಹೆಂಗಸರ ಮೇಲೆ ಹೇರುವುದನ್ನೂ ಅದೇ ತೀರ್ಪು ಟೀಕಿಸಿತು. ಮದುವೆಯಾದವಳು, ಆಗದವಳು ಎಂಬ ಭೇದವನ್ನೂ ಒಪ್ಪಲಿಲ್ಲ. ಆ ತೀರ್ಪು ಬಂದದ್ದು ಗರ್ಭಪಾತದ ವಿಷಯದಲ್ಲಿ. ಗರ್ಭಪಾತದ ಅಗತ್ಯವೇ ಬಾರದಂತೆ ತಡೆಯುವ ಮಾತ್ರೆಯ ವಿಷಯದಲ್ಲಿ ಇಷ್ಟು ಸ್ಪಷ್ಟವಾದ ಸೂಚನೆ ಅಂಗಡಿಯವರ, ನರ್ಸ್‌ಗಳ ಕೈಗೆ ಇನ್ನೂ ತಲುಪಬೇಕಾಗಿದೆ.

ಸರ್ಕಾರಿ ವ್ಯವಸ್ಥೆಯಲ್ಲಿ ಮನೋಭಾವ ವ್ಯಕ್ತಿಗಳ ತಲೆಯಲ್ಲಷ್ಟೇ ಇಲ್ಲ, ರಿಜಿಸ್ಟರಿನಲ್ಲೂ ಇದೆ. ಆರೋಗ್ಯ ಉಪಕೇಂದ್ರಗಳಲ್ಲಿ ‘ಅರ್ಹ ದಂಪತಿಗಳ’ ಪಟ್ಟಿ ಇಡಲಾಗುತ್ತದೆ. ಮದುವೆಯಾಗಿ, ಹೆಂಡತಿಯ ವಯಸ್ಸು 15ರಿಂದ 49ರೊಳಗಿದ್ದರೆ ಆ ಮನೆ ಪಟ್ಟಿಯಲ್ಲಿರುತ್ತದೆ. ಕಾಂಡೋಮ್, ಗುಳಿಗೆ, ವಂಕಿ, ಆಪರೇಷನ್ ಎಲ್ಲದರ ಲೆಕ್ಕ ಅಲ್ಲಿಂದ ಹೊರಡುತ್ತದೆ. ಮದುವೆಯಾಗದವಳು, ಗಂಡ ಬಿಟ್ಟವಳು, ವಿಧವೆ ಆ ಪುಟಗಳಲ್ಲಿ ಇಲ್ಲವೇ ಇಲ್ಲ. 2011ರಲ್ಲಿ ಶುರುವಾದ ಮನೆಬಾಗಿಲಿಗೆ ಗರ್ಭನಿರೋಧಕ ತಲುಪಿಸುವ ಯೋಜನೆಯಲ್ಲಿ ಆಶಾ ಕಾರ್ಯಕರ್ತೆಯ ಚೀಲಕ್ಕೆ ತುರ್ತು ಮಾತ್ರೆಯೂ ಸೇರಿತು, ಬೆಲೆ ಎರಡೇ ರೂಪಾಯಿ. ಅಂಗಡಿಯಲ್ಲಿ ಅದೇ ಮಾತ್ರೆಗೆ ನೂರರ ಆಸುಪಾಸು ಕೊಡಬೇಕು. ಕೂಲಿ ಮಾಡುವ ಹೆಂಗಸಿಗೆ ಈ ವ್ಯತ್ಯಾಸ ಸಣ್ಣದಲ್ಲ. ಆದರೆ ಆಶಾ ಕಾರ್ಯಕರ್ತೆ ಅದೇ ಊರಿನವಳು, ಅತ್ತೆಗೂ ಪರಿಚಯ, ನಾದಿನಿಗೂ ಪರಿಚಯ. ಆ ಆಪ್ತತೆಯಿಂದಲೇ ಎಷ್ಟೋ ಬಸುರಿಯರ ಜೀವ ಉಳಿದಿದೆ. ಗುಟ್ಟಾಗಿ ಮಾತ್ರೆ ಬೇಕಾದವಳಿಗೆ ಮಾತ್ರ ಅದೇ ಆಪ್ತತೆ ತಡೆಯಾಗುತ್ತದೆ. ಗೌರವಧನಕ್ಕಾಗಿ ವರ್ಷವರ್ಷವೂ ಬೀದಿಗಿಳಿಯಬೇಕಾದ, ಹತ್ತಾರು ಕೆಲಸಗಳ ಹೊರೆ ಹೊತ್ತ ಈ ಕಾರ್ಯಕರ್ತೆಯರ ಮೇಲೆಯೇ ಗೋಪ್ಯತೆಯ ಹೊಣೆಯನ್ನೂ ಹೊರಿಸಿ, ಅದಕ್ಕೆ ಬೇಕಾದ ತರಬೇತಿ ಕೊಡದೆ ಬಿಡುವುದು ಅನ್ಯಾಯ. ಹದಿಹರೆಯದವರಿಗೆಂದೇ ಇರುವ ಸ್ನೇಹ ಕ್ಲಿನಿಕ್‌ಗಳಲ್ಲಿಯೂ ಮಾತು ಹೆಚ್ಚಾಗಿ ರಕ್ತಹೀನತೆ, ಮುಟ್ಟಿನ ಶುಚಿತ್ವದ ಸುತ್ತಲೇ ಸುತ್ತುತ್ತದೆ.

ನಮ್ಮ ಕುಟುಂಬ ಕಲ್ಯಾಣ ಕಾರ್ಯಕ್ರಮ ಬೆಳೆದ ಬಗೆಯೂ ಇದಕ್ಕೆ ಕಾರಣ. 1930ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭನಿರೋಧಕ ಕ್ಲಿನಿಕ್‌ಗಳನ್ನು ತೆರೆಯಲು ಆದೇಶಿಸಿದ ಸಂಸ್ಥಾನ ಮೈಸೂರು. ಜಗತ್ತಿನಲ್ಲೇ ಅಂಥ ಮೊದಲ ಹೆಜ್ಜೆಗಳಲ್ಲಿ ಅದೂ ಒಂದೆಂದು ಹೆಮ್ಮೆಯಿಂದ ನೆನೆಯುತ್ತೇವೆ. ಆದರೆ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ರಾಜ್ಯದ ವಿವಾಹಿತ ಹೆಂಗಸರಲ್ಲಿ ಶೇ 57ಕ್ಕೂ ಹೆಚ್ಚು ಮಂದಿ ಅವಲಂಬಿಸಿದ್ದದ್ದು ಸಂತಾನಹರಣ ಆಪರೇಷನ್ನನ್ನು, ಗಂಡಸರ ಆಪರೇಷನ್ ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ‘ಎರಡಾದ ಮೇಲೆ ಆಪರೇಷನ್’ ಎಂಬ ಒಂದೇ ದಾರಿಗೆ ಒಗ್ಗಿಹೋದ ವ್ಯವಸ್ಥೆಯಲ್ಲಿ ಮದುವೆಗೆ ಮುಂಚಿನ ವರ್ಷಗಳು, ಮೊದಲ ಮಗುವಿಗೆ ಮುಂಚಿನ ವರ್ಷಗಳು, ಎರಡು ಮಕ್ಕಳ ನಡುವಿನ ವರ್ಷಗಳು ಬರಿದಾಗಿ ಉಳಿದಿವೆ. ತುರ್ತು ಮಾತ್ರೆ ಬೇಕಾಗುವುದು ಹೆಚ್ಚಾಗಿ ಆ ವರ್ಷಗಳಲ್ಲೇ.

ಆ ಖಾಲಿಯನ್ನು ಜನ ಹೇಗೆ ತುಂಬಿಕೊಳ್ಳುತ್ತಿದ್ದಾರೆ ಎಂಬುದಕ್ಕೆ ದೇಶದ ಮಟ್ಟದ ಅಂದಾಜೊಂದಿದೆ. 2015ರಲ್ಲಿ ಭಾರತದಲ್ಲಿ ಸುಮಾರು 1.56 ಕೋಟಿ ಗರ್ಭಪಾತಗಳಾದವು, ಅವುಗಳಲ್ಲಿ ಶೇ 73ರಷ್ಟು ಆಸ್ಪತ್ರೆಗಳ ಹೊರಗೆ, ಮಾತ್ರೆಗಳ ಮೂಲಕ ನಡೆದವು ಎಂದು ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಲೆಕ್ಕ ಹಾಕಿತು. ಆ ವರ್ಷದ ಗರ್ಭಧಾರಣೆಗಳಲ್ಲಿ ಸುಮಾರು ಅರ್ಧದಷ್ಟು ಬಯಸದೆ ಆದವು. ಮೂರು ದಿನದೊಳಗೆ ಸಿಗದ ಮಾತ್ರೆಯ ಬದಲು ಎರಡು ತಿಂಗಳ ಮೇಲೆ ಬೇರೆ ಮಾತ್ರೆ ನುಂಗಬೇಕಾಗುತ್ತದೆ, ಅದೂ ಅನೇಕ ಸಲ ಯಾರ ಸಲಹೆಯೂ ಇಲ್ಲದೆ. ನೀತಿಯ ಕಾರಣಕ್ಕೆ ತುರ್ತು ಮಾತ್ರೆ ನಿರಾಕರಿಸುವವರು ತಾವು ಗರ್ಭಪಾತವನ್ನು ತಡೆಯುತ್ತಿಲ್ಲ, ಅದರ ಕಡೆಗೇ ಒಬ್ಬಳನ್ನು ದೂಡುತ್ತಿರಬಹುದು ಎಂಬುದನ್ನು ಯೋಚಿಸಬೇಕು.

ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ವಿಷಯದಲ್ಲಿ ಮಾತ್ರ ಕಾನೂನು ಯಾವ ಅನುಮಾನಕ್ಕೂ ಎಡೆ ಬಿಟ್ಟಿಲ್ಲ. ಸರ್ಕಾರಿಯಿರಲಿ ಖಾಸಗಿಯಿರಲಿ, ಯಾವ ಆಸ್ಪತ್ರೆಯೇ ಆದರೂ ಸಂತ್ರಸ್ತೆಗೆ ತಕ್ಷಣ ಉಚಿತ ಚಿಕಿತ್ಸೆ ಕೊಡಲೇಬೇಕು, ನಿರಾಕರಿಸಿದರೆ ಶಿಕ್ಷೆಯುಂಟು. ಎಫ್‌ಐಆರ್ ಆಗಿದೆಯೇ ಎಂದು ಕಾಯುವಂತಿಲ್ಲ. ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿಯಲ್ಲಿ ತುರ್ತು ಗರ್ಭನಿರೋಧಕ ಚಿಕಿತ್ಸೆಯ ಭಾಗವಾಗಿಯೇ ಇದೆ, ಪೋಕ್ಸೊ ನಿಯಮಗಳಲ್ಲಿಯೂ ಅದರ ಪ್ರಸ್ತಾಪವಿದೆ. ಆದರೂ ಇಂಥ ಪ್ರಕರಣವನ್ನು ಮೊದಲು ‘ಎಂಎಲ್‌ಸಿ ಕೇಸು’ (ಪೊಲೀಸ್ ತನಿಖೆಗೆ ಸಂಬಂಧಿಸಿದ ವೈದ್ಯಕೀಯ-ಕಾನೂನು ಪ್ರಕರಣ) ಎಂದು ನೋಡುವ ರೂಢಿಯಲ್ಲಿ ಸಾಕ್ಷ್ಯ ಸಂಗ್ರಹ ಮುಂದಾಗಿ ಚಿಕಿತ್ಸೆ ಹಿಂದಾಗುತ್ತದೆ. ತಾಲ್ಲೂಕು ಆಸ್ಪತ್ರೆಯಿಂದ ಜಿಲ್ಲಾ ಆಸ್ಪತ್ರೆಗೆ, ಅಲ್ಲಿಂದ ಠಾಣೆಗೆ ಅಲೆಯುವ ಹೊತ್ತಿನಲ್ಲಿ ಮೊದಲ ಇಪ್ಪತ್ತನಾಲ್ಕು ಗಂಟೆ ಕಳೆದುಹೋಗುತ್ತದೆ. ಮೊದಲು ಬಂದ ಜಾಗದಲ್ಲೇ ಮಾತ್ರೆ ನುಂಗಿಸಿ ಆಮೇಲೆ ಮುಂದಕ್ಕೆ ಕಳಿಸುವುದಕ್ಕೆ ಯಾವ ತಜ್ಞರೂ ಬೇಕಿಲ್ಲ. ಬಾಯಿಂದ ಸಂಗ್ರಹಿಸಬೇಕಾದ ಸಾಕ್ಷ್ಯಕ್ಕೆ ಮಾತ್ರೆ ಅಡ್ಡಿಯಾಗುವಂತಿದ್ದರೆ ಮೊದಲು ಆ ಒಂದು ಮಾದರಿ ತೆಗೆದುಕೊಂಡರಾಯಿತು, ಅದಕ್ಕೂ ಕೆಲವೇ ನಿಮಿಷ.

ವಂಕಿಯ ಮಾತು ಮೇಲೆ ಬಂತು. ಅಸುರಕ್ಷಿತ ಸಂಬಂಧವಾದ ಐದು ದಿನದೊಳಗೆ ಕಾಪರ್-ಟಿ ಹಾಕಿದರೆ ಗರ್ಭ ನಿಲ್ಲದಿರುವ ಖಾತರಿ ಶೇ 99ಕ್ಕೂ ಮೇಲೆ. ತೂಕ ಹೆಚ್ಚಿದ್ದರೂ, ಕ್ಷಯದ ಔಷಧಿ ನಡೆಯುತ್ತಿದ್ದರೂ ಅದರ ಕೆಲಸ ಕೆಡುವುದಿಲ್ಲ, ಹಾಕಿಸಿಕೊಂಡ ಮೇಲೆ ಹತ್ತು ವರ್ಷದವರೆಗೂ ನೆಮ್ಮದಿ, ಬೇಡವೆನಿಸಿದ ದಿನ ತೆಗೆಸಬಹುದು. ಅತ್ಯಂತ ಪರಿಣಾಮಕಾರಿಯಾದ ಈ ತುರ್ತು ವಿಧಾನ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತದೆ, ಹಾಕಲು ತರಬೇತಿ ಪಡೆದ ನರ್ಸ್‌ಗಳೂ ಇದ್ದಾರೆ. ಆದರೆ ಅದನ್ನು ತುರ್ತು ವಿಧಾನವೆಂದು ಹೇಳುವವರೇ ವಿರಳ. ಹೆರಿಗೆಯಾದವಳಿಗೆ, ಒಂದು ಮಗುವಾದವಳಿಗೆ ಮಾತ್ರ ಅದು ಎಂಬ ಹಳೆಯ ನಂಬಿಕೆ ಸಿಬ್ಬಂದಿಯಲ್ಲಿ ಗಟ್ಟಿಯಾಗಿದೆ. ಮಗುವಾಗದವರಿಗೂ ಹಾಕಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅರ್ಹತಾ ಮಾನದಂಡಗಳು ಸ್ಪಷ್ಟವಾಗಿಯೇ ಹೇಳುತ್ತವೆ. ಎಎನ್‌ಎಂಗಳ (ಉಪಕೇಂದ್ರಗಳ ಆರೋಗ್ಯ ಸಹಾಯಕಿಯರ) ತಿಂಗಳ ಸಭೆಯಲ್ಲಿ ಅರ್ಧ ಗಂಟೆ ಇದಕ್ಕೆ ಮೀಸಲಿಟ್ಟರೆ, ಫಾರ್ಮಸಿ ಡಿಪ್ಲೊಮಾ ಓದುವವರ ಪಾಠದಲ್ಲಿ ಕೇಳಬೇಕಾದ ಪ್ರಶ್ನೆಗಳನ್ನೂ ಕೇಳಬಾರದ ಪ್ರಶ್ನೆಗಳನ್ನೂ ಸೇರಿಸಿದರೆ, ಔಷಧ ನಿಯಂತ್ರಣ ಇಲಾಖೆ ಈ ಮಾತ್ರೆಗೆ ಚೀಟಿ ಬೇಡ, ಮದುವೆಯ ವಿಚಾರಣೆ ಬೇಡ, ಇದು ಗರ್ಭಪಾತದ ಕಿಟ್ ಅಲ್ಲ ಎಂದು ಪ್ರತಿ ಅಂಗಡಿಗೂ ಕನ್ನಡದಲ್ಲಿ ಒಂದು ಪುಟದ ಸುತ್ತೋಲೆ ಕಳಿಸಿದರೆ ಸಾಕು, ಅದಕ್ಕೆ ಹೊಸ ಕಾಯ್ದೆಯೂ ಬೇಡ, ದೊಡ್ಡ ಅನುದಾನವೂ ಬೇಡ.